ಓರೆ ಪಟ್ಟಿ

ಮೊದಲನೇ ಹಾಯಿ ನಾನು ಸಪಾಟ ಹೊಲದಿದ್ದೆ,
ಟ್ರ್ಯಾಕ್ಟರಿನ ತಾಡಪತ್ರಿ ಮೂರು ಮೂಲಿ ಕತ್ತರಿಸಿ,
ಅಂಚು ಮಡಚಿ, ಎರಡೆರಡು ಹೊಲಿಗಿ,
ಮೂಲಿಗೊಂದು ಹಿತ್ತಾಳಿ ಬಳಿ.
ಬಡಿಗ್ಯಾರ ಮೌನೇಶ ಕಣ್ಣು ಸಣ್ಣ ಮಾಡಿ ನೋಡಿ
'ಭಾರಿ ಆಗೇತಿ' ಅಂದ.
ದೋಣಿ ಅವನದು: ಬೇವಿನ ಹಲಗಿ, ಡಾಂಬರ,
ತಾಸಿಗೆ ಒಂದು ಬೆರಳಷ್ಟು ಸೋರತಿತ್ತು.

ಕೊಲ್ಹಾರದ ದಂಡಿಯಿಂದ ನೂಕಿದಿವಿ.
ದೀಪಾವಳಿ ದಾಟಿದ ಮೂಡಗಾಳಿ,
ಹಿನ್ನೀರು ತುಂಬಿ ಆ ಕಡೆ ದಂಡಿ ಮಸಕ ಮಸಕ.
ಹಾಯಿ ಬಿಗೀತು. ದೋಣಿ ಮುಂದ ಹೋಗ್ಲಿಲ್ಲ,
ಏಡಿ ಹಂಗ ಪಕ್ಕಕ್ಕ ಸರೀತು,
ಸರದು ಸರದು ಜಾಲಿ ಕಂಟ್ಯಾಗ ಸಿಕ್ಕೊಂತು.
ಹಾಯಿಗೆ ಏಳು ತೂತು.
ಎಣಿಸಿದೆ. ತೂತು ಎಣಿಸೂದು ನನ್ನ ಕಸಬು.

ಆ ರಾತ್ರಿ ತ್ಯಾಪಿ ಹಾಕ್ಕೋತ ಕುಂತಾಗ ಹೊಳೀತು:
ಸಪಾಟ ಅರಬಿ ಯಾರ ಮೈಮ್ಯಾಲೂ ಕುಂದ್ರೂದಿಲ್ಲ.
ಮೂವತ್ತು ವರ್ಷ ಕುಬಸಕ್ಕ ಡಾಟ್ ಹಿಡದಾಕಿ
ಗಾಳಿಗೂ ಒಂದು ಮೈ ಐತಿ ಅನ್ನೂದು ಮರತಿದ್ದೆ.
ಬಿಚ್ಚಿದೆ. ಚಾಕಿನಿಂದ ಗೆರಿ ಹಾಕಿದೆ,
ಕಂಬದ ಕಡೆ ಎರಡು ಡಾಟ್, ಕೆಳಗ ಒಂದು.
ಹಾಯಿಗೆ ಹೊಟ್ಟಿ ಬಂತು.
ಆ ಕಡೆ ಮೌನೇಶ ದೋಣಿಯ ತಳ ಸೀಳಿ
ಹಳೇ ಬಾಗಿಲದ ಒಂದು ಕದ ನೀರಾಗ ಇಳಿಬಿಟ್ಟ,
ಪಕ್ಕಕ್ಕ ಸರೀಬಾರ್ದು ಅಂತ.

ಎರಡನೇ ಸಲ ದೋಣಿ ಹೋತು.
ಹೋತಂದ್ರ ಹೋತು!
ಹೊಳ್ಳಿ ಬರೂದು ಹೆಂಗ ಅನ್ನೂದನ್ನ
ಇಬ್ಬರೂ ವಿಚಾರ ಮಾಡಿರಲಿಲ್ಲ.
ಗಾಳಿ ಕೊರ್ತಿ ಕಡೆ, ನಾವೂ ಕೊರ್ತಿ ಕಡೆ.
ಮನಿ ಕಡೆ ಮೂತಿ ತಿರುವಿದ್ರ
ಹಾಯಿ ಒಲ್ಲೆ ಒಲ್ಲೆ ಅಂತ ಪಟಪಟ ಬಡಕೊಂತು,
ಹಗ್ಗದ ತುದಿಗೆ ಗಂಟಿರಲಿಲ್ಲ, ರಾಟಿಯೊಳಗಿಂದ ಹಾವಿನಂಗ ಜಾರಿ ಹೋತು,
ಅಡ್ಡಗಣಿ ತಿರಗಿ ಮೌನೇಶನ ಕಿವಿಗೆ ಬಡೀತು,
ಅಂವ ಬಿದ್ದದ್ದು ಬುತ್ತಿ ಗಂಟಿನ ಮ್ಯಾಲ.
ನಮ್ಮೂರ ಮೊಸರು, ಗಡಗಿ ಬೋರಲ ಮಾಡಿದ್ರೂ
ಕೆಳಗ ಬೀಳೂದಿಲ್ಲ ಅಂತಾರ.
ಬಿತ್ತು.
ಇದನ್ನ ಊರಾಗ ಹೇಳಿಲ್ಲ.

ಬಲಿ ಎತ್ತಾಕ ಬಂದ ಅಂಬಿಗರ ಯಮನಪ್ಪ
ಹರಗೋಲು ನಿಲ್ಲಿಸಿ, ಬೀಡಿ ಹಚ್ಚಿ,
ಭಾಳ ಹೊತ್ತು ನೋಡಿದ. ನಗಲಿಲ್ಲ, ಅದ ದೊಡ್ಡ ಉಪಕಾರ.
'ದಾವಲಬಿ, ಎದುರಾ ಎದುರು ನಿಂತು ಜಗಳ ಯಾಕ?
ಓರೆ ಹೋಗು.'

ಓರೆ.
ಕುತ್ತಿಗಿಗೆ ಹಚ್ಚೂ ಪಟ್ಟಿ ಯಾವತ್ತು ನೆಟ್ಟಗ ಕತ್ತರಿಸೀನಿ ನಾನು?
ಎಳಿಗುಂಟ ಅಲ್ಲ, ಎಳಿಗೆ ಅಡ್ಡ ಅಲ್ಲ,
ಮೂಲಿಯಿಂದ ಮೂಲಿಗೆ.
ಆವಾಗ ಅರಬಿ ಬಾಗ್ತೈತಿ, ಹೇಳಿದಂಗ ತಿರಗ್ತೈತಿ.
ಹಂಗ ನೀರು ಕತ್ತರಿಸ್ಕೋತ ಬಂದಿವಿ,
ಸೇತುವಿ ಕಂಬದ ಕಡೆ ಒಂದು ಓರೆ,
ಮುಳುಗಿದ ಹಳೇ ಪ್ಯಾಟಿ ಕಡೆ ಒಂದು ಓರೆ,
ಅರ್ಧ ತಾಸಿನ ದಾರಿಗೆ ಮೂರು ತಾಸು.

ಹಳೇ ಪ್ಯಾಟಿ ಮ್ಯಾಲ ಹಾಯುವಾಗ
ಕೆಳಗ ಕದಕ್ಕ ಏನೋ ತಾಗಿ
ಟಕ್ ಟಕ್ ಅಂತು. ಯಾರೋ ಬಾಗಿಲ ಬಡದಂಗ.
ನಮ್ಮ ತವರಿನ ಮಾಳಗಿ ಇರಬೇಕು,
ಇಲ್ಲಾ ಹಿಟ್ಟಿನ ಗಿರಣಿ.
ಮೌನೇಶ ಕದ ಒಂದು ಮೊಳ ಮ್ಯಾಲ ಎಳಕೊಂಡ.
ದೋಣಿ ಸ್ವಲ್ಪ ಪಕ್ಕಕ್ಕ ಸರೀತು. ಸರೀಲಿ ಅಂತ ಬಿಟ್ಟಿವಿ.

ಅಳತಿ ವಹಿಯಾಗ ಈಗ,
ಯಾರದೋ ತೋಳು ಎಂಟೂವರಿ, ಎದಿ ಮೂವತ್ತಾರು,
ಅದರ ಕೆಳಗ ಬರದೀನಿ:
ಹಗ್ಗದ ತುದಿಗೆ ಗಂಟು.
ಅಡ್ಡಗಣಿ ಒಂದು ಗೇಣು ಮ್ಯಾಲ.
ಮೊಸರು ಒಯ್ಯೂದಿದ್ರ ಮುಚ್ಚಳದ ಡಬ್ಬಿ.
ಮೂಡಗಾಳಿ, ಎದಿ ಎಷ್ಟು?
ಅಲ್ಲಿ ಬರದಿಲ್ಲ. ಬಂದಾಗೊಮ್ಮೆ ಬ್ಯಾರೆ ಅಳತಿ.
ನಾಳೆ ನೀಲವ್ವನ ಕುಬಸ ಕೊಡೂದೈತಿ,
ಗುಂಡಿ ಹಚ್ಚೂದು ಬಾಕಿ,
ಚಾಕ್ ಮಾತ್ರ ಕಿಸೇದಾಗ ತೊಯ್ದು ಹಿಟ್ಟಾಗೇತಿ.